ಬಾಗಿದ ಬೆಳ್ಳಿ

ಕುದ್ರೋಳಿ, ಮಂಗಳೂರು
ತಾ. 6–1–1934

ಬೊಂಬಾಯಿಯ ಹೆಂಚಿನ ವಖಾರಿಯಲ್ಲಿರುವ ನನ್ನ ಅಪ್ಪನಿಗೆ ದೇಯಿಯ ನಮಸ್ಕಾರ.

ಅಮ್ಮ, ಬೋಜ ಮಾವ, ನಾನು ಮೂವರೂ ಚೆನ್ನಾಗಿದ್ದೇವೆ. ಲಕೋಟೆ ತರುವಷ್ಟು ತಾಳ್ಮೆ ಇಲ್ಲದೆ ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಮನೋರಮಾ ಟೀಚರು ನಮ್ಮ ಫೋರ್ತ್ ಫಾರ್ಮಿನ ಹುಡುಗಿಯರನ್ನೆಲ್ಲ ಗುಡ್ಡದ ಮೇಲಿನ ಮಿಷನ್ ಶಾಲೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಯ ಪಾದ್ರಿಗಳು ನಮಗೆ ಬೆಳ್ಳಿ ತೋರಿಸಿದರು. ಅಪ್ಪಾ, ಬಾಗಿದ ಬೆಳ್ಳಿ! ಅಂಥ ಹೊಳಪನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಒಬ್ಬೊಬ್ಬರನ್ನೇ ಕರೆದು ತೋರಿಸಿದರು, ನನಗೆ ಎರಡು ಸಲ. ನೋಡಿದ ಮೇಲೆ ನನಗೆ ಬೇರೆ ಏನೂ ಬೇಡವಾಗಿದೆ. ಬರುವ ಜೂನಿನಿಂದ ಅವರ ಶಾಲೆಗೇ ಸೇರುತ್ತೇನೆ. ನೀವು ಬೇಡ ಎನ್ನಬಾರದು. ಕಾರ್ಡಿನಲ್ಲಿ ಸ್ಥಳ ಮುಗಿಯಿತು.

ನಿಮ್ಮ ಮಗಳು
ದೇಯಿ


ಬೊಂಬಾಯಿ
ತಾ. 11–1–1934

ದೇಯಿಗೆ ನಿನ್ನ ತಂದೆ ನೋಣಯ್ಯ ಬರೆಯುವುದು.

ನಿನ್ನ ಕಾರ್ಡು ಬಂತು. ಕಾರ್ಡು ಎಂದ ಮೇಲೆ ಅಂಚೆಯವನಿಂದ ಹಿಡಿದು ವಖಾರಿಯ ಗುಮಾಸ್ತನವರೆಗೆ ಎಲ್ಲರೂ ಓದಿಯೇ ನನ್ನ ಕೈಗೆ ಕೊಡುವುದು. ಗುಮಾಸ್ತ ನಮ್ಮ ಊರಿನ ಕಡೆಯವನೇ. ಕೊಡುವಾಗ ನನ್ನ ಮುಖ ನೋಡಿ, "ಏನು ನೋಣಯ್ಯ, ಮಗಳಿಗೆ ಪಾದ್ರಿ ಬೆಳ್ಳಿ ತೋರಿಸ್ತಿದ್ದಾರಂತೆ?" ಎಂದ.

ಯಾವ ಬೆಳ್ಳಿ? ಬಾಗಿದ್ದು ಎಂದರೆ ಕಾಲಿನ ಕಡಗವೋ, ಕೈಯದ್ದೋ? ಎಲ್ಲರಿಗೂ ಒಂದು ಸಲ ತೋರಿಸಿದವರು ನಿನಗೆ ಎರಡು ಸಲ ಯಾಕೆ ತೋರಿಸಿದರು? ತೋರಿಸಿ ವಾಪಸು ಇಟ್ಟರೋ, ನಿನ್ನ ಕೈಗೆ ಕೊಟ್ಟರೋ? ನಿನ್ನನ್ನು ನಾನು ಬಡವಿಯಾಗಿ ಬೆಳೆಸಿದ್ದು ನಿಜ. ಆದರೆ ಹೊಳೆಯುವ ವಸ್ತು ಕಂಡರೆ ಹಿಂದೆ ಹೋಗುವವಳಾಗಿ ಬೆಳೆಸಲಿಲ್ಲ.

ನಾನು ಸಣ್ಣವನಿರುವಾಗ ತುಕ್ರ ಎಂಬವನೊಬ್ಬ ನನ್ನ ಜತೆಗಾರ. ಇಬ್ಬರೂ ಒಂದೇ ಮರದ ಮಾವಿನಕಾಯಿ ಕದ್ದವರು. ಅವನು ಮಿಷನ್ನಿನ ನೇಯ್ಗೆ ಕೆಲಸಕ್ಕೆ ಸೇರಿ ಝಕರಿಯಾ ಆದ. ಈಗಲೂ ಒಳ್ಳೆಯವನೇ. ದಾರಿಯಲ್ಲಿ ಸಿಕ್ಕಿದರೆ ಕೈ ಹಿಡಿದು ಮಾತಾಡುತ್ತಾನೆ. ಆದರೆ ನಮ್ಮ ಮನೆಯ ದೈವದ ಕೋಲಕ್ಕೆ ಅವನಿಲ್ಲ, ಅವನ ಹಬ್ಬದ ದಿನ ಅವನಲ್ಲಿಗೆ ನಾನಿಲ್ಲ. ಅವನು ಕೆಟ್ಟ ಎಂದು ನಾನು ಹೇಳುವುದಿಲ್ಲ. ನಮ್ಮಿಂದ ಹೋದ, ಅಷ್ಟೆ. ನೀನು ಹಾಗೆ ಹೋದರೆ ನಾನು ಯಾರಿಗಾಗಿ ಈ ಊರಿನ ಧೂಳು ತಿನ್ನುವುದು? ನನಗೆ ಸಿಟ್ಟಿಗಿಂತ ಹೆಚ್ಚು ಹೆದರಿಕೆ ಆಗಿದೆ, ಅದನ್ನು ಅಡಗಿಸುವುದಿಲ್ಲ.

ನಿನ್ನ ಅಮ್ಮ ಮುದ್ದುವಿಗೂ ಬೋಜನಿಗೂ ಹೇಳುವುದು: ದೇಯಿಯನ್ನು ನಾಳೆಯಿಂದ ಯಾವ ಶಾಲೆಗೂ ಕಳಿಸಬೇಡಿ. ಏಪ್ರಿಲಿನಲ್ಲಿ ಬಿಸು ಹಬ್ಬಕ್ಕೆ ನಾನು ಬರುತ್ತೇನೆ, ಆಮೇಲೆ ನೋಡೋಣ. ಓದುವುದಾದರೆ ಈಗಿನ ಹುಡುಗಿಯರ ಶಾಲೆಯಲ್ಲಿಯೇ ಫಿಫ್ತ್ ಫಾರ್ಮು. ಅಲ್ಲಿ ಹೊಲಿಗೆ ಉಂಟು, ಆರೋಗ್ಯಶಾಸ್ತ್ರ ಉಂಟು. ಅವೆರಡು ತೆಗೆದುಕೊಂಡರೆ ನಾಳೆ ಟೀಚರ್ ಟ್ರೈನಿಂಗಿಗೋ ಆಸ್ಪತ್ರೆಯ ಕೆಲಸಕ್ಕೋ ದಾರಿಯಾಗುತ್ತದೆ. ಗುಡ್ಡ ಹತ್ತುವುದು ಬೇಡ.

ನಿನ್ನ ತಂದೆ
ನೋಣಯ್ಯ


ಕುದ್ರೋಳಿ
ತಾ. 16–1–1934

ಅಪ್ಪನಿಗೆ ದೇಯಿಯ ನಮಸ್ಕಾರ. ಈ ಸಲ ಲಕೋಟೆ, ಗೋಂದು ಹಚ್ಚಿ ಮುಚ್ಚಿದ್ದೇನೆ. ಗುಮಾಸ್ತರು ಏನು ಮಾಡುತ್ತಾರೋ ಮಾಡಲಿ.

ಅಮ್ಮನಿಗೂ ಮಾವನಿಗೂ ಓದಲು ಬರುವುದಿಲ್ಲ, ನಿಮ್ಮ ಕಾಗದಗಳನ್ನು ಓದಿ ಹೇಳುವವಳು ನಾನೇ ಎಂಬುದು ನಿಮಗೆ ನೆನಪಿತ್ತೋ ಇಲ್ಲವೋ. ನಿನ್ನೆ ಅಮ್ಮ ಒಲೆಯ ಮುಂದೆ ಕೂತಿದ್ದಳು. ಬೋಜ ಮಾವ ಅಂಗಡಿ ಮುಚ್ಚಿ ಬಂದು ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ. ನಾನು ಕಂಬಕ್ಕೆ ಒರಗಿ ಓದಿದೆ. "ನಾಳೆಯಿಂದ ಯಾವ ಶಾಲೆಗೂ ಕಳಿಸಬೇಡಿ" ಎಂಬಲ್ಲಿಗೆ ಬಂದಾಗ ನನ್ನ ನಾಲಿಗೆ ನಿಂತಿತು. "ಯಾಕೆ ನಿಂತೆ? ಅಪ್ಪನ ಅಕ್ಷರ ಗೊತ್ತಾಗುವುದಿಲ್ವಾ?" ಎಂದಳು ಅಮ್ಮ. ಆ ಸಾಲನ್ನು ಹಾರಿಸಿ ಮುಂದಿನದಕ್ಕೆ ಹೋಗಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಹಾರಿಸಲಿಲ್ಲ. ಇದ್ದ ಹಾಗೆಯೇ, ಗಟ್ಟಿಯಾಗಿಯೇ ಓದಿದೆ. ಓದಿ ಮುಗಿಸುವಷ್ಟರಲ್ಲಿ ಮಾವ ನನ್ನ ಪುಸ್ತಕದ ಚೀಲವನ್ನು ಅಟ್ಟದ ಮೇಲೆ ಎಸೆದಾಗಿತ್ತು.

ಈಗ ಕೇಳಿ. ಪಾದ್ರಿಗಳು ತೋರಿಸಿದ್ದು ಸರಾಫರ ಅಂಗಡಿಯ ಬೆಳ್ಳಿ ಅಲ್ಲ, ಆಕಾಶದ ಬೆಳ್ಳಿ! ನಾವು ಬೆಳ್ಳಿ ಮೂಡಿತು, ಇನ್ನು ಬೆಳಗಾಗುತ್ತದೆ ಎನ್ನುತ್ತೇವಲ್ಲ, ಆ ಬೆಳ್ಳಿ. ತುಳುವಿನಲ್ಲೂ ಎರಡಕ್ಕೂ ಒಂದೇ ಹೆಸರು, ಬೊಳ್ಳಿ. ನಾನು ಅವಸರದಲ್ಲಿ ಆಕಾಶ ಎಂಬ ಒಂದು ಮಾತು ಬಿಟ್ಟುಬಿಟ್ಟೆ. ಒಂದನೆಯ ತರಗತಿಯಲ್ಲಿ ಟೀಚರು ಅಮ್ಮನ ಚಿತ್ರ ಬರೆಯಿರಿ ಎಂದಾಗ ನಾನು ಮೀಸೆ ಬರೆದು ಪೆಟ್ಟು ತಿಂದದ್ದು ನಿಮಗೆ ಗೊತ್ತೇ ಇದೆ. ನಮ್ಮ ತುಳುವಿನಲ್ಲಿ ಅಮ್ಮೆ ಎಂದರೆ ಅಪ್ಪ, ನಾನೇನು ಮಾಡಲಿ! ಆಗ ಮೀಸೆಯಿಂದ ಒಂದು ಪೆಟ್ಟು, ಈಗ ಬೆಳ್ಳಿಯಿಂದ ಶಾಲೆಯೇ ಹೋಯಿತು. ನನಗೆ ನಗು ಬರಬೇಕಾಗಿತ್ತು, ಅಳು ಬರುತ್ತಿದೆ.

ಅಂದು ಸಂಜೆ ಆದದ್ದು ಇಷ್ಟು. ಗುಡ್ಡದ ಶಾಲೆಯ ಅಂಗಳದಲ್ಲಿ ಮೂರು ಕಾಲಿನ ಮೇಲೆ ಒಂದು ದೊಡ್ಡ ಹಿತ್ತಾಳೆಯ ದುರ್ಬೀನು ಇಟ್ಟಿದ್ದರು. ಸೂರ್ಯ ಸಮುದ್ರದಲ್ಲಿ ಇಳಿದ ಮೇಲೆ ಪಡುವಣದಲ್ಲಿ ಒಂದು ಚುಕ್ಕಿ ಕಾಣಿಸಿತು. ಅದನ್ನು ನಾವೆಲ್ಲ ದಿನಾ ನೋಡಿದವರೇ. ಅದೇನು ದೊಡ್ಡ ವಿಷಯ ಎಂದುಕೊಂಡು ನನ್ನ ಸರದಿ ಬಂದಾಗ ಕಣ್ಣಿಟ್ಟೆ. ಅಪ್ಪಾ, ಅದು ಚುಕ್ಕಿ ಅಲ್ಲ. ಚೌತಿಯ ಚಂದ್ರನ ಹಾಗೆ ಬಾಗಿದೆ! ಎರಡು ಕಡೆ ಚೂಪಾದ ಕೊಂಬು, ನಡುವೆ ಬೆಳಕು, ಉಳಿದದ್ದು ಇಲ್ಲ. ಅದು ಸಣ್ಣಗೆ ನಡುಗುತ್ತಿತ್ತು. ನಾನು ಕಣ್ಣು ತೆಗೆದು ಬರಿಗಣ್ಣಿನಿಂದ ನೋಡಿದೆ, ಚುಕ್ಕಿ. ಮತ್ತೆ ಕಣ್ಣಿಟ್ಟೆ, ಬಾಗಿದ ಬೆಳ್ಳಿ. ಎರಡು ಸಲ ನೋಡಿದ್ದು ಹಾಗೆ. ನಾವು ಕೆಳಗೆ ನಿಂತು ಹೇಳುವುದೊಂದು, ಅದು ಅಲ್ಲಿ ಇರುವುದೇ ಬೇರೊಂದು. ಚೌತಿಯ ಚಂದ್ರನನ್ನು ನೋಡಿದವರಿಗೆ ಇಲ್ಲದ ಅಪವಾದ ಬರುತ್ತದೆ ಎನ್ನುತ್ತಾರಲ್ಲ, ಅದಂತೂ ನನಗೆ ಬಂದಾಯಿತು.

ಅದಕ್ಕೆ ಸ್ವಂತ ಬೆಳಕಿಲ್ಲವಂತೆ. ನಮ್ಮ ಭೂಮಿಯ ಹಾಗೆಯೇ ಸೂರ್ಯನನ್ನು ಸುತ್ತುತ್ತದಂತೆ, ಪಂಚಾಂಗದವರು ಶುಕ್ರ ಎನ್ನುವುದು ಅದನ್ನೇ. ಅದು ಎಷ್ಟು ಬಾಗುತ್ತದೆ, ಯಾವಾಗ ಮಾಯವಾಗುತ್ತದೆ ಎಂಬುದನ್ನು ಕಾಗದದ ಮೇಲೆ ಗೆರೆ ಎಳೆದು ಮೊದಲೇ ಹೇಳಬಹುದಂತೆ. ನಾನು ಕೇಳಿದೆ, "ಆ ಗೆರೆ ಎಳೆಯಲಿಕ್ಕೆ ಎಂತ ಕಲಿಯಬೇಕು?" ಪಾದ್ರಿಗಳು "ಆಲ್ಜೀಬ್ರಾ, ಜಾಮೆಟ್ರಿ, ಫಿಸಿಕ್ಸ್" ಎಂದರು. ಅವು ನಮ್ಮ ಶಾಲೆಯಲ್ಲಿಲ್ಲ. ನಮ್ಮಲ್ಲಿ ಫಿಫ್ತ್ ಫಾರ್ಮಿನಲ್ಲಿ ಇರುವುದು ಹೊಲಿಗೆ, ಆರೋಗ್ಯಶಾಸ್ತ್ರ, ಚರಿತ್ರೆ. ಗುಡ್ಡದ ಶಾಲೆಯಲ್ಲಿ ಈ ಜೂನಿನಿಂದ ಹುಡುಗಿಯರಿಗೂ ಬೆಂಚು ಹಾಕುತ್ತಾರೆ. ಅವರು ನನಗೆ ಕಡಗ ಕೊಡಲಿಲ್ಲ, ಪುಸ್ತಕ ಕೊಡಲಿಲ್ಲ, ಮಿಠಾಯಿ ಸಹ ಕೊಡಲಿಲ್ಲ. ಗಾಜಿಗೆ ಬೆರಳು ತಾಗಿಸಬೇಡ ಎಂದದ್ದೊಂದೇ ಅವರು ನನಗೆ ಮಾಡಿದ ಉಪದೇಶ.

ಅಮ್ಮ ಒಪ್ಪುವುದಿಲ್ಲ. ಬೆಳಿಗ್ಗೆ ಮೂಡುವುದು ಮಾತ್ರ ಬೆಳ್ಳಿ, ಸಂಜೆಯದ್ದು ಬೇರೆ ಯಾವುದೋ ಚುಕ್ಕಿ ಎನ್ನುತ್ತಾಳೆ. ಎರಡೂ ಒಂದೇ, ಇನ್ನು ಸ್ವಲ್ಪ ದಿನದಲ್ಲಿ ಅದು ಸಂಜೆಯಿಂದ ಇಳಿದು ಹೋಗಿ ಬೆಳಿಗ್ಗೆ ಮೂಡಣದಲ್ಲಿ ಬರುತ್ತದೆ ಎಂದೆ. "ಬಂದರೆ ಆಗ ಮಾತಾಡುವ" ಎಂದಳು.

ನೀವು ಕಳಿಸದಿದ್ದರೆ ನಾನು ಹೋಗುವುದಿಲ್ಲ. ಆದರೆ ಹೊಲಿಗೆ ಹೊಲಿಯುತ್ತಾ ಜೀವಮಾನವಿಡೀ ಕಿಟಕಿಯಿಂದ ಆ ಚುಕ್ಕಿಯನ್ನೇ ನೋಡುತ್ತಿರುತ್ತೇನೆ. ಅದು ಚುಕ್ಕಿ ಅಲ್ಲವೆಂದು ತಿಳಿದ ಮೇಲೆ ನೋಡದೆ ಇರುವುದು ಹೇಗೆ?

ನಿಮ್ಮ ಮಗಳು
ದೇಯಿ


ಬೊಂಬಾಯಿ
ತಾ. 22–1–1934

ದೇಯಿಗೆ ನಿನ್ನ ತಂದೆಯ ಆಶೀರ್ವಾದ.

ಕಾಗದವನ್ನು ಶನಿವಾರ ಓದಿದೆ, ನಿನ್ನೆ ಆದಿತ್ಯವಾರ ಮತ್ತೆ ಓದಿದೆ. ಗುಮಾಸ್ತನಿಗೆ ನಾನೇ ಓದಿ ಹೇಳಿದೆ. ಅವನು ನಕ್ಕ. ನನಗೆ ನಗಲಿಕ್ಕಾಗಲಿಲ್ಲ. ಹದಿನೈದು ವರ್ಷದಿಂದ ಈ ಊರಿನಲ್ಲಿದ್ದು ನನಗೆ ಬೆಳ್ಳಿ ಎಂದರೆ ತೂಕದ ವಸ್ತು ಎಂದಾಗಿಬಿಟ್ಟಿದೆ. ಊರಿನಲ್ಲಿ ಮುಂಜಾನೆ ನನ್ನ ತಾಯಿ ಬೊಳ್ಳಿ ಮೂಡಿತು ಎಂದು ಎಬ್ಬಿಸುತ್ತಿದ್ದದ್ದು ನಿನ್ನ ಕಾಗದ ಓದುವವರೆಗೆ ನೆನಪೇ ಇರಲಿಲ್ಲ.

ನಿನ್ನೆ ಮಂಗಳೂರಿನಿಂದ ಹೆಂಚು ಹೊತ್ತ ಹಾಯಿಹಡಗು ಬಂದು ಬಂದರಿನಲ್ಲಿ ನಿಂತಿತ್ತು. ಅದರ ತಂಡೇಲ ರವೂಫ್ ಬ್ಯಾರಿ ನನ್ನ ಹಳೆಯ ಪರಿಚಯದವನು. ಹಡಗು ನಡೆಸುವವನಲ್ಲವೇ, ಅವನ ಹತ್ತಿರ ಉದ್ದದ ದುರ್ಬೀನು ಇದೆ ಎಂದು ನನಗೆ ಗೊತ್ತಿತ್ತು. ಲೆಕ್ಕ ನೋಡುವ ನೆಪ ಹೇಳಿ ದೋಣಿಯಲ್ಲಿ ಹೋದೆ. ಸಂಜೆಯಾಗುವವರೆಗೆ ಅದೂ ಇದೂ ಮಾತಾಡುತ್ತಾ ಕೂತೆ. ಆಮೇಲೆ ನಾಚಿಕೆ ಬಿಟ್ಟು ಕೇಳಿದೆ.

"ಎಂತ ನೋಣಯ್ಯಣ್ಣ, ದುರ್ಬೀನಿನಲ್ಲಿ ನೋಡಿದ್ರೆ ಕುದ್ರೋಳಿ ಕಾಣ್ತದಾ?" ಎಂದು ಅವನು ತಮಾಷೆ ಮಾಡಿದ. ಆದರೂ ಕೊಟ್ಟ.

ಪಟ್ಟಣದ ಮಾಳಿಗೆಗಳ ಮೇಲೆ ಆಕಾಶ ಇನ್ನೂ ಕೆಂಪಗಿತ್ತು. ಮೇಲೆ ಚಂದ್ರ ಅರ್ಧದ ಹತ್ತಿರ ಬಂದಿದ್ದ. ಕೆಳಗೆ ನಿನ್ನ ಚುಕ್ಕಿ. ಹಡಗು ಅಲುಗುತ್ತದೆ, ಚುಕ್ಕಿ ಗಾಜಿನೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತದೆ. ಕೊನೆಗೆ ಹಗ್ಗದ ಮೇಲೆ ದುರ್ಬೀನು ಊರಿ ಉಸಿರು ಹಿಡಿದು ನೋಡಿದೆ. ಕಂಡಿತು. ನೀನು ಬರೆದದ್ದಕ್ಕಿಂತ ತೆಳ್ಳಗೆ, ಉಗುರು ಕತ್ತರಿಸಿ ಬಿಸಾಡಿದಷ್ಟು ತೆಳ್ಳಗೆ. ಆದರೆ ಬಾಗಿದೆ ಮಗಾ, ಬಾಗಿಯೇ ಇದೆ. ಮೇಲೆ ಚಂದ್ರ, ಕೆಳಗೆ ಅದರ ಮರಿಯ ಹಾಗೆ ಇದು. ನನ್ನ ಬಾಯಿಂದ ದೈವದ ಹೆಸರು ಹೊರಟಿತು. ನನಗೆ ಇಷ್ಟು ವಯಸ್ಸಾಗಿದೆ, ಹೀಗೆ ಬಾಯಿ ಬಿಟ್ಟು ನಿಂತದ್ದು ಯಾವಾಗಲೆಂದು ನೆನಪಿಲ್ಲ.

ರವೂಫನೂ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ, "ಈ ದುರ್ಬೀನು ನನ್ನ ಬಾಪಾನ ಕಾಲದಿಂದ ಉಂಟು ಮಾರಾಯ. ದೀಪದ ಕಂಬ ನೋಡ್ಲಿಕ್ಕೆ, ಬೇರೆ ಹಡಗು ನೋಡ್ಲಿಕ್ಕೆ, ಕಡಲ ಕರೆ ನೋಡ್ಲಿಕ್ಕೆ. ಇದನ್ನು ಮೇಲೆ ಹಿಡೀಬೇಕು ಅಂತ ನಮಗೆ ಯಾರಿಗೂ ಹೊಳೀಲೇ ಇಲ್ಲ."

ನನ್ನ ಕಾಗದವನ್ನು ನೀನೇ ಓದಿ ಹೇಳಬೇಕಾಗುತ್ತದೆಂದು ಬರೆಯುವಾಗ ನನಗೆ ಹೊಳೆದಿರಲಿಲ್ಲ. ನಿನ್ನ ಶಾಲೆ ಬಿಡಿಸುವ ಮಾತನ್ನು ನಿನ್ನ ಬಾಯಿಂದಲೇ ಹೇಳಿಸಿದೆ. ನೀನು ಅದನ್ನೂ ಹಾರಿಸದೆ ಓದಿದೆ. ಬೋಜಾ, ಚೀಲ ಕೆಳಗೆ ಇಳಿಸು. ದೇಯಿ ನಾಳೆಯಿಂದಲೇ ಶಾಲೆಗೆ ಹೋಗಲಿ.

ಆದರೆ ಶಾಲೆ ಬದಲಿಸುವ ಮಾತು ಬೇರೆ. ಕಣ್ಣಿಗೆ ಕಂಡದ್ದನ್ನು ಒಪ್ಪಿದೆ, ಹೆದರಿಕೆ ಮಾತ್ರ ಹೋಗಲಿಲ್ಲ. ಹುಡುಗರ ನಡುವೆ, ಮಿಷನ್ನಿನ ಅಂಗಳದಲ್ಲಿ ನೀನೊಬ್ಬಳು. ಹೊಲಿಗೆ ಕಲಿತವಳಿಗೆ ಒಂದು ಹೊತ್ತಿನ ಅನ್ನವಾದರೂ ಹುಟ್ಟುತ್ತದೆ. ಫಿಸಿಕ್ಸು ಕಲಿತ ಹೆಣ್ಣಿಗೆ ನಮ್ಮ ಊರಿನಲ್ಲಿ ಯಾರು ಕೆಲಸ ಕೊಡುತ್ತಾರೆ? ನಾನು ಇಲ್ಲಿಂದ ಆ ಪಾದ್ರಿಯ ಮುಖ ನೋಡಲಾರೆ. ನಮ್ಮ ಅಳಿಯಸಂತಾನದ ಕಟ್ಟಿನಲ್ಲಿ ಮಕ್ಕಳು ತಾಯಿಯ ಕುಟುಂಬದವರು. ಆದ್ದರಿಂದ ಮುದ್ದು ಆ ಗುಡ್ಡಕ್ಕೆ ಹೋಗಿ, ತಾನೇ ನೋಡಿ, ತಾನೇ ಮಾತಾಡಿ ಬರಲಿ. ಅವಳು ಆಗಬಹುದು ಎಂದರೆ ಆಗಬಹುದು. ಬೇಡ ಎಂದರೆ ಬೇಡ, ಆಮೇಲೆ ನೀನು ಆ ಮಾತು ಎತ್ತಬಾರದು. ಇದನ್ನೂ ಹಾರಿಸದೆ ಓದು.

ನಿನ್ನ ತಂದೆ
ನೋಣಯ್ಯ


ಕುದ್ರೋಳಿ
ತಾ. 17–2–1934

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಹಾರಿಸದೆ ಓದಿದೆ. ಉಗುರಿನ ಮಾತನ್ನು ಎರಡು ಸಲ ಓದಿದೆ, ಅದು ಅಮ್ಮನಿಗಾಗಿ ಅಲ್ಲ, ನನಗಾಗಿ. ಅಮ್ಮ ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದಳು: "ನನಗೆ ಗೇರುಬೀಜದ ಕಾರ್ಖಾನೆಗೆ ಹೊತ್ತಾಗ್ತದೆ. ಗುಡ್ಡ ಹತ್ತಿ ಚುಕ್ಕಿ ನೋಡಲಿಕ್ಕೆ ನಾನು ಎಂತ ದೊರೆಸಾನಿಯಾ?" ಬೇಡ ಎಂದು ಒಮ್ಮೆ ಅವಳ ಬಾಯಿಂದ ಬಂದುಬಿಟ್ಟರೆ ಎಲ್ಲ ಮುಗಿಯಿತಲ್ಲ, ಅದಕ್ಕೆ ಆ ಮಾತನ್ನೇ ತೆಗೆಯದೆ ದಿನ ದೂಡಿದೆ.

ಅಷ್ಟರಲ್ಲಿ ಸಂಜೆಯ ಬೆಳ್ಳಿ ದಿನದಿಂದ ದಿನಕ್ಕೆ ಸಮುದ್ರದ ಕಡೆಗೆ ಇಳಿಯಿತು. ಒಂದು ದಿನ ಕಾಣಿಸಲೇ ಇಲ್ಲ. ಮರುದಿನವೂ ಇಲ್ಲ. ಅಮ್ಮ ಅಂಗಳಕ್ಕೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತು, "ಎಲ್ಲಿ ಮಾರಾಯ್ತಿ ನಿನ್ನ ಬೆಳ್ಳಿ? ಪಾದ್ರಿ ಒಳಗೆ ತೆಗೆದಿಟ್ಟರಾ?" ಎಂದು ಕೇಳುತ್ತಿದ್ದಳು. ಹೊರಗೆ ನಗುತ್ತಿದ್ದೆ. ಒಳಗೆ ನನಗೆ ಭಯವಾಗಿತ್ತು. ಪಾದ್ರಿಗಳ ಗೆರೆ ತಪ್ಪಿದ್ದರೆ? ಅಷ್ಟು ದೂರದ ವಸ್ತು, ಯಾವ ಕಾಗದದ ಗೆರೆಗೆ ತಲೆಬಾಗಿ ಬರುತ್ತದೆ?

ಈ ಬುಧವಾರ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಅಮ್ಮ ನೀರು ಸೇದಲು ಹೋದವಳು ಕೊಡವನ್ನು ಬಾವಿಕಟ್ಟೆಯಲ್ಲೇ ಬಿಟ್ಟು ಒಳಗೆ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಅಂಗಳಕ್ಕೆ ಎಳೆದುಕೊಂಡು ಹೋಗಿ ತೆಂಗಿನ ಮರಗಳ ಸಂದಿಯಲ್ಲಿ ಮೂಡಣಕ್ಕೆ ಕೈ ತೋರಿಸಿದಳು. ಅಪ್ಪಾ, ಅಲ್ಲಿತ್ತು! ಪಡುವಣದಲ್ಲಿ ಮುಳುಗಿದ್ದು ಮೂಡಣದಲ್ಲಿ ಎದ್ದು ನಿಂತಿತ್ತು. ನಾನು ನೋಡುವ ಮೊದಲೇ ಅಮ್ಮ ನೋಡಿದ್ದಳು. ನನ್ನ ಕೈಯನ್ನು ಅವಳು ಬಿಡಲಿಲ್ಲ, ಅವಳ ಕೈ ತಣ್ಣಗಿತ್ತು. ಕಾಗದದ ಮೇಲೆ ಎಳೆದ ಗೆರೆಯ ಮಾತನ್ನು ಆಕಾಶ ಕೇಳಿತು!

ಆದರೆ ಅಮ್ಮ ಅಮ್ಮನೇ. ಕೊಡ ಹೊತ್ತುಕೊಂಡು ಬರುವಾಗ ಹೇಳಿದಳು, "ಒಂದು ಹೋಯಿತು, ಇನ್ನೊಂದು ಬಂತು. ಎರಡೂ ಒಂದೇ ಅಂತ ನೋಡಿದವರು ಯಾರು?"

ಈ ಪ್ರಶ್ನೆಯನ್ನು ಮನೋರಮಾ ಟೀಚರ ಮೂಲಕ ಪಾದ್ರಿಗಳಿಗೆ ಕೇಳಿಸಿದೆ. ಅವರು ಬಹಳ ಸಂತೋಷಪಟ್ಟರಂತೆ. ಹುಡುಗಿಯರು ಯಾರೂ ಈ ಪ್ರಶ್ನೆ ಕೇಳಲಿಲ್ಲ, ಆ ತಾಯಿಯನ್ನು ಒಂದು ಮುಂಜಾನೆ ಬರಲು ಹೇಳಿ ಎಂದರಂತೆ. ಅಮ್ಮನಿಗೆ ಹೇಳಿದೆ. ಮುಖ ಆ ಕಡೆ ಮಾಡಿ, "ಆದಿತ್ಯವಾರ ಕಾರ್ಖಾನೆಗೆ ರಜೆ ಉಂಟಲ್ಲ" ಎಂದಳು.

ಮಾರ್ಚ್ ಮುಗಿಯುವ ಮೊದಲು ಎರಡು ಶಾಲೆಗಳಲ್ಲಿಯೂ ಹೆಸರು ಮತ್ತು ಸಬ್ಜೆಕ್ಟು ಬರೆಸಬೇಕು. ಇಲ್ಲಿ ನನ್ನ ಹೆಸರಿನ ಮುಂದೆ ಟೀಚರು ಸದ್ಯಕ್ಕೆ ಹೊಲಿಗೆ ಎಂದು ಬರೆದುಕೊಂಡಿದ್ದಾರೆ, ಸೀಸದ ಕಡ್ಡಿಯಿಂದ. ನಿಮಗೆ ಅಲ್ಲಿ ಮೂಡಣ ಕಾಣಿಸುತ್ತದೆಯಾದರೆ ಮುಂಜಾನೆ ಒಮ್ಮೆ ನೋಡಿ.

ನಿಮ್ಮ ಮಗಳು
ದೇಯಿ


ಕುದ್ರೋಳಿ
ತಾ. 4–3–1934

ಅಪ್ಪನಿಗೆ ನಮಸ್ಕಾರ. ಈ ಕಾಗದ ನನ್ನದಲ್ಲ, ಅಮ್ಮನದು. ಅವಳು ತುಳುವಿನಲ್ಲಿ ಹೇಳುತ್ತಾಳೆ, ನಾನು ಕನ್ನಡ ಮಾಡಿ ಬರೆಯುತ್ತೇನೆ. ಎಲ್ಲಿಯೂ ಚಂದ ಮಾಡಬಾರದು ಎಂದು ಅಪ್ಪಣೆಯಾಗಿದೆ. ಇನ್ನು ಮುಂದೆ ಅವಳ ಮಾತು. — ದೇಯಿ

ದೇಯಿಯ ಅಪ್ಪನಿಗೆ ಮುದ್ದು ಹೇಳುವುದು.

ಇವತ್ತು ಬೆಳಕಾಗುವ ಮೊದಲು ಗುಡ್ಡಕ್ಕೆ ಹೋಗಿ ಬಂದೆವು. ಆದಿತ್ಯವಾರ ಮಿಷನ್ನಿನ ದಾರಿ ಹಿಡಿದ ನಮ್ಮನ್ನು ಯಾರಾದರೂ ನೋಡಿದ್ರೆ ಇಗರ್ಜಿಗೆ ಹೊರಟರು ಅಂತ ಊರೆಲ್ಲ ಹೇಳ್ತಿದ್ದರು. ಬೋಜನೂ ಬಂದ. ಒಂದು ಕೈಯಲ್ಲಿ ಲಾಟೀನು, ಇನ್ನೊಂದು ಕೈಯಲ್ಲಿ ದೊಣ್ಣೆ. ದೊಣ್ಣೆ ಯಾಕೆ ಅಂತ ಕೇಳಿದೆ. "ನಾಯಿಗೆ" ಅಂದ. ದಾರಿಯಲ್ಲಿ ಒಂದು ನಾಯಿಯೂ ಸಿಗಲಿಲ್ಲ. ಪಾದ್ರಿಗಾಗಿ ತಂದದ್ದು ಅಂತ ನನಗೆ ಗೊತ್ತಿಲ್ವಾ?

ಪಾದ್ರಿ ಪ್ರಾಯ ಆದವರು. ನಾನು ಬಿಳಿ ದೊರೆಯ ಹಾಗೆ ದೊಡ್ಡ ಆಸಾಮಿ ಅಂತ ಗ್ರಹಿಸಿದ್ದೆ. ಕಡ್ಡಿಯ ಹಾಗೆ ಇದ್ದಾರೆ, ಕೆಮ್ಮುತ್ತಾರೆ, ಕಾಲಲ್ಲಿ ಹಳೆಯ ಚಪ್ಪಲಿ. ಕನ್ನಡ ಮಾತಾಡ್ತಾರೆ, ಪುಸ್ತಕದ ಹಾಗೆ. ದುರ್ಬೀನಿನ ಹತ್ತಿರ ಕರೆದರು. ನನ್ನ ಕೈ ಹೇಗೆ ಉಂಟು ಅಂತ ನಿಮಗೆ ಗೊತ್ತು. ಗೇರುಬೀಜದ ಎಣ್ಣೆಗೆ ಬೆರಳೆಲ್ಲ ಸುಟ್ಟು ಕಪ್ಪಾಗಿದೆ. ಹಿತ್ತಾಳೆ ಚಿನ್ನದ ಹಾಗೆ ಹೊಳೀತದೆ, ಮುಟ್ಟಲಿಕ್ಕೆ ಮನಸ್ಸಾಗಲಿಲ್ಲ, ಕೈ ಹಿಂದೆ ಕಟ್ಟಿಕೊಂಡೆ. ಅವರು ಒಂದು ತಿರುಪು ತೋರಿಸಿ, "ಇದನ್ನು ನೀವೇ ತಿರುಗಿಸಬೇಕು ಅಮ್ಮ, ನಿಮ್ಮ ಕಣ್ಣಿಗೆ ಸರಿಯಾಗುವುದು ನಿಮಗೇ ತಿಳಿಯುವುದು" ಅಂದರು.

ತಿರುಗಿಸಿದೆ. ಮೊದಲು ಬೆಳಕಿನ ಮುದ್ದೆ. ಇನ್ನೂ ಸ್ವಲ್ಪ ತಿರುಗಿಸಿದೆ. ಆಗ ಬಂತು. ನಾನು ಹೇಗೆ ಹೇಳಲಿ, ನನಗೆ ಹೇಳಲಿಕ್ಕೆ ಬರುವುದಿಲ್ಲ. ನನ್ನ ಕಪ್ಪು ಬೆರಳು ತಿರುಗಿಸಿದ ಹಾಗೆ ಅದು ಚೂಪಾಗ್ತಾ ಬಂತು. ನನಗೆ ಅಳು ಬಂತು. ಯಾಕೆ ಅಂತ ಕೇಳಬೇಡಿ. ಕಣ್ಣಲ್ಲಿ ನೀರು ತುಂಬಿದ್ರೆ ಕಾಣುವುದಿಲ್ಲ, ಒರೆಸಿಕೊಂಡು ಒರೆಸಿಕೊಂಡು ನೋಡಿದೆ.

ಆಮೇಲೆ ನನ್ನ ಪ್ರಶ್ನೆ ಕೇಳಿದೆ, ಎರಡೂ ಒಂದೇ ಅಂತ ಯಾರು ನೋಡಿದ್ದು ಅಂತ. ಪಾದ್ರಿ ಬೋಜನ ಲಾಟೀನನ್ನು ಕಟ್ಟೆಯ ಮೇಲೆ ಇಟ್ಟು, ನನ್ನ ಕೈಯಲ್ಲಿ ಒಂದು ಕಿತ್ತಳೆ ಹಣ್ಣು ಕೊಟ್ಟು, ದೀಪ ಸೂರ್ಯ, ಹಣ್ಣು ಬೆಳ್ಳಿ, ದೀಪಕ್ಕೆ ಸುತ್ತು ಬನ್ನಿ ಅಂದರು. ದೇಯಿ ದೂರ ನಿಂತು ನೋಡಿದಳು. ಆಮೇಲೆ ಅವಳು ಸುತ್ತಿದಳು, ನಾನು ನೋಡಿದೆ. ಹಣ್ಣು ದೀಪದ ಎಡ ಪಕ್ಕದಿಂದ ಬಲ ಪಕ್ಕಕ್ಕೆ ಬಂದಾಗ ಬೆಳಕಿನ ಬಾಗು ಮಗ್ಗುಲು ಬದಲಿಸ್ತದೆ. ಸಂಜೆ ಒಂದು ಕಡೆ ಬಾಗಿದ್ದದ್ದು ಬೆಳಿಗ್ಗೆ ಇನ್ನೊಂದು ಕಡೆ ಬಾಗ್ತದೆ. ಹಣ್ಣು ಅದೇ ಹಣ್ಣು. ಹೌದು, ಒಂದೇ. ನನಗೆ ಯಾರೂ ಹೇಳಿ ಒಪ್ಪಿಸಲಿಲ್ಲ, ನಾನೇ ನೋಡಿ ಒಪ್ಪಿದೆ.

ಇನ್ನು ನಿಮ್ಮ ಹೆದರಿಕೆಯ ವಿಷಯ. ಸುತ್ತಿ ಬಳಸಿ ಕೇಳಲಿಲ್ಲ. "ನನ್ನ ಮಗಳನ್ನು ನಿಮ್ಮ ಮತಕ್ಕೆ ಸೇರಿಸ್ತೀರಾ?" ಅಂತ ಕೇಳಿದೆ. ಬೋಜ ದೊಣ್ಣೆ ಗಟ್ಟಿ ಹಿಡಿದ. ಪಾದ್ರಿ ಹೇಳಿದರು, "ಅಂಥ ಆಸೆ ನನಗಿಲ್ಲ ಎಂದರೆ ಸುಳ್ಳಾಗುತ್ತದೆ ಅಮ್ಮ. ನಾನು ಸಮುದ್ರ ದಾಟಿ ಬಂದದ್ದೇ ಅದಕ್ಕೆ. ಆದರೆ ಫಿಸಿಕ್ಸ್ ತರಗತಿಯಲ್ಲಿ ಆ ಮಾತು ಬರುವುದಿಲ್ಲ. ಬಂದರೆ ಮಗಳು ಬಂದು ನಿಮಗೆ ಹೇಳುತ್ತಾಳೆ." ಇಲ್ಲವೇ ಇಲ್ಲ ಅಂತ ಹೇಳಿದ್ದರೆ ನಾನು ಎದ್ದು ಬರ್ತಿದ್ದೆ. ಇರುವುದನ್ನು ಇದೆ ಅಂತ ಹೇಳಿದರು. ಅಂಥವರ ಹತ್ತಿರ ಮಗಳನ್ನು ಬಿಡಬಹುದು. ಇವಳೂ ಇರುವುದನ್ನು ಇರುವ ಹಾಗೆ ಓದಿ ಹೇಳುವವಳೇ.

ಅದಕ್ಕೆ ನಾನು ಹೇಳುವುದು ಇಷ್ಟು. ದೇಯಿ ನನ್ನ ಕುಟುಂಬದ ಹೆಣ್ಣು, ನೀವೇ ಬರೆದಿದ್ದೀರಿ. ಅವಳು ಗುಡ್ಡಕ್ಕೆ ಹೋಗಲಿ. ಆ ಮೂರು ಹೆಸರು ನನ್ನ ಬಾಯಿಗೆ ಬರುವುದಿಲ್ಲ, ಆ ಮೂರನ್ನೂ ತೆಗೊಳ್ಳಲಿ. ಹೊಲಿಗೆ ನಾನು ಮನೆಯಲ್ಲಿ ಹೇಳಿ ಕೊಡ್ತೇನೆ. ಕೆಲಸ ಸಿಗದಿದ್ರೆ ಗೇರುಬೀಜ ಉಂಟು, ಅದಕ್ಕೆ ಯಾವ ಸಬ್ಜೆಕ್ಟೂ ಬೇಡ. ಮಿಷನ್ನಿನವರ ಪ್ರಾರ್ಥನೆಗೆ ಗಂಟೆ ಹೊಡೆದರೆ ಇವಳು ಹೊರಗೆ ನಿಲ್ಲಲಿ, ನಾನು ಅದನ್ನೂ ಹೇಳಿ ಬಂದಿದ್ದೇನೆ. ನೀವು ಬಿಸುವಿಗೆ ಬಂದಾಗ ಸಿಟ್ಟು ಮಾಡುವುದಿದ್ರೆ ನನ್ನ ಮೇಲೆ ಮಾಡಿ.

ಬರುವಾಗ ಪಡುವಣದಲ್ಲಿ ಚಂದ್ರ ಇನ್ನೂ ಇದ್ದ. ಬೋಜ ಮುಂದೆ ಹೋಗ್ತಿದ್ದ. ನಾನು ಇಳಿಜಾರಿನಲ್ಲಿ ನಿಂತು ದೇಯಿಗೆ ಕೇಳಿದೆ, "ನಾನು ಹುಟ್ಟುವ ಮೊದಲೂ ಅದು ಹೀಗೆ ಬಾಗ್ತಿತ್ತಾ?" "ಬಾಗ್ತಿತ್ತು" ಅಂದಳು. "ನನ್ನ ಅಜ್ಜಿಯ ಕಾಲದಲ್ಲಿ?" "ಆಗಲೂ" ಅಂದಳು. ನಾವು ಹೆಂಗಸರು ಬೆಳ್ಳಿ ನೋಡಿ ಎದ್ದವರು, ಬೆಳ್ಳಿ ನೋಡಿ ಒಲೆ ಹಚ್ಚಿದವರು. ಇಷ್ಟು ಕಾಲ ನಮ್ಮ ತಲೆಯ ಮೇಲೆಯೇ ಇತ್ತು. ಹಾಗಾದ್ರೆ ನಮಗೆ ಯಾರೂ ಯಾಕೆ ಹೇಳಲಿಲ್ಲ?

ಇದನ್ನೂ ದೇಯಿಗೆ ಕೇಳಿದೆ. ಇದಕ್ಕೆ ಉತ್ತರ ಯಾವ ಸಬ್ಜೆಕ್ಟಿನಲ್ಲಿ ಉಂಟು ಅಂತ ಅವಳಿಗೂ ಗೊತ್ತಿಲ್ಲವಂತೆ.

ಹೇಳಿದವಳು ಮುದ್ದು
ಬರೆದವಳು ದೇಯಿ